ನಾಲ್ಕು ದೊಡ್ಡವು, ಎರಡು ಸಣ್ಣವು

ಪ್ರೀತಿಯ ಮಗಳೇ,

ಅಕ್ಷರ ಮತ್ತು ಅಂಕಿಗಳ ಟಿವಿ ಸ್ಪರ್ಧೆ ಕೌಂಟ್‌ಡೌನ್‌ನಲ್ಲಿ ನೀನು ಆಡಿದ ಕಂತು ನಿನ್ನೆ ಪ್ರಸಾರವಾಯಿತು. ಅದು ಮುಗಿದ ಹತ್ತು ನಿಮಿಷದೊಳಗೆ ‘ಕೊನೆಯ ಒಗಟು ಕೈಕೊಟ್ಟಿತು, ಕ್ಷಮಿಸಮ್ಮ’ ಎಂದು ನೀನು ಕಳಿಸಿದ ಸಂದೇಶಕ್ಕೆ ನಾನು ಕೂಡಲೇ ಉತ್ತರಿಸಲಿಲ್ಲ. ನನಗೆ ಬೇಸರವಾಗಿದೆ ಎಂದು ತಿಳಿಯಬೇಡ. ನೀನು ಸೋತದ್ದು ಆ ಒಗಟಿನಲ್ಲಿ ಅಲ್ಲವೆಂದು ನೋಡುತ್ತಿರುವಾಗಲೇ ನನಗೆ ಅನ್ನಿಸಿತ್ತು. ಕಾಗದದ ಮೇಲೆ ಲೆಕ್ಕ ಹಾಕಿ ನೋಡದೆ ಅದನ್ನು ಹೇಳುವುದು ಸರಿಯಲ್ಲವೆಂದು ಸುಮ್ಮನಿದ್ದೆ. ಈಗ ಲೆಕ್ಕ ಹಾಕಿದ್ದೇನೆ. ಅದರಲ್ಲಿ ನನ್ನ ಪಾಲೂ ಇರುವುದರಿಂದ ಫೋನಿನಲ್ಲಿ ನಾಲ್ಕು ಮಾತು ಆಡುವ ಬದಲು ಈ ಪತ್ರ ಬರೆಯುತ್ತಿದ್ದೇನೆ.

ಚಿತ್ರೀಕರಣ ಮುಗಿಸಿ ಸಾಲ್ಫರ್ಡ್‌ನಿಂದ ಮರಳಿದ ದಿನ ನೀನು ಫಲಿತಾಂಶ ಹೇಳಲಿಲ್ಲ, ಪ್ರಸಾರಕ್ಕೆ ಮುಂಚೆ ಕೇಳಬಾರದೆಂದು ನಾನೂ ಕೇಳಲಿಲ್ಲ. ಆದರೆ ಅಂದು ಊಟಕ್ಕೆ ಕುಳಿತಾಗ ನೀನು ನನ್ನ ಮುಖ ನೋಡದೆ ಮಾತನಾಡಿದ್ದನ್ನು ಗಮನಿಸಿದ್ದೆ. ಸೋಲನ್ನು ಮುಚ್ಚಿಡುತ್ತಿದ್ದೀಯೆ ಎಂದುಕೊಂಡಿದ್ದೆ. ನೀನು ಮುಚ್ಚಿಟ್ಟದ್ದು ಇನ್ನೊಂದನ್ನು ಎಂದು ನಿನ್ನೆ ಗೊತ್ತಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಕೌಂಟ್‌ಡೌನ್ ನಮ್ಮ ಮನೆಗೆ ಹೇಗೆ ಬಂತೆಂಬುದು ನಿನಗೆ ಅರ್ಧ ಮಾತ್ರ ಗೊತ್ತು. ನಾನು 1996ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ನರ್ಸಾಗಿ ಬಂದಾಗ ನನಗೆ ಸಿಕ್ಕಿದ್ದು ರಾತ್ರಿ ಪಾಳಿ. ಬೆಳಿಗ್ಗೆ ಮಲಗಿ ಮಧ್ಯಾಹ್ನ ಕಳೆದು ಏಳುವ ಹೊತ್ತಿಗೆ ಹೊರಗೆ ಬೆಳಕು ಇಳಿಯುತ್ತಿರುತ್ತಿತ್ತು, ಟಿವಿ ಹಾಕಿದರೆ ಚಾನೆಲ್ 4ರಲ್ಲಿ ಈ ಆಟ ನಡೆಯುತ್ತಿರುತ್ತಿತ್ತು. 1982ರ ನವೆಂಬರ್ 2ರಂದು ಆ ವಾಹಿನಿ ಆರಂಭವಾದಾಗ ಅದರಲ್ಲಿ ಮೊಟ್ಟಮೊದಲು ಪ್ರಸಾರವಾದ ಕಾರ್ಯಕ್ರಮ ಇದೇ ಎಂದೂ, ಅದಕ್ಕಿಂತ ಹಿಂದೆ ಆರ್ಮಾಂ ಜಮ್ಮೋ ಎಂಬವರು ಫ್ರಾನ್ಸ್‌ನಲ್ಲಿ ರೂಪಿಸಿದ ಆಟವೇ ಇದರ ಮೂಲವೆಂದೂ ನನಗೆ ತಿಳಿದದ್ದು ಬಹಳ ತಡವಾಗಿ. ಅಂದು ನನಗೆ ಗೊತ್ತಿದ್ದುದು ಇಷ್ಟೇ: ಬಣ್ಣಬಣ್ಣದ ಕೋಟು ತೊಟ್ಟ ರಿಚರ್ಡ್ ವೈಟ್ಲಿ ಎಂಬ ನಿರೂಪಕರು ನಾನಿರುವ ಊರಿನಲ್ಲೇ, ನನ್ನ ಕೋಣೆಯಿಂದ ಬಸ್ಸಿನಲ್ಲಿ ಹೋಗಬಹುದಾದಷ್ಟು ದೂರದ ಸ್ಟುಡಿಯೊದಲ್ಲಿ ಕುಳಿತು ಮಾತನಾಡುತ್ತಿದ್ದಾರೆ. ಊರಿನಲ್ಲಿ ಯಾರ ಪರಿಚಯವೂ ಇಲ್ಲದಿದ್ದ ನನಗೆ ಆ ಮಾತು ಅರ್ಧ ಅರ್ಥವಾದರೂ ಸಾಕಾಗುತ್ತಿತ್ತು. 2005ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅತ್ತದ್ದನ್ನು ನೀನು ಬಾಗಿಲಲ್ಲಿ ನಿಂತು ನೋಡಿದ್ದೆ.

ಅಕ್ಷರಗಳ ಸುತ್ತು ಮೊದಲು ನನ್ನಿಂದ ಆಗುತ್ತಲೇ ಇರಲಿಲ್ಲ. ಅದಕ್ಕೆ ನನ್ನ ಇಂಗ್ಲಿಷ್ ಮಾತ್ರ ಕಾರಣವಲ್ಲ ಎಂದು ಈಗ ತೋರುತ್ತದೆ. ಕನ್ನಡದಲ್ಲಿ ಸ್ವರವು ವ್ಯಂಜನವನ್ನು ಬಿಟ್ಟು ಅಲೆಯುವುದಿಲ್ಲ. ಕಾಗುಣಿತ ಕಲಿತ ಮಗುವಿಗೆ ‘ಕಿ’ ಎಂಬುದು ಒಂದೇ ಅಕ್ಷರ, ಅದನ್ನು ಒಡೆದು ಎರಡು ಕಡೆ ಇಡಬಹುದೆಂಬ ಯೋಚನೆಯೇ ಬರುವುದಿಲ್ಲ. ‘ವಿಕಟಕವಿ’ಯನ್ನು ನಾವು ತಿರುಗಿಸಿ ಓದಿ ಸಂತೋಷಪಡುವುದು ಇಡೀ ಅಕ್ಷರಗಳನ್ನು ಹಿಡಿದುಕೊಂಡು. ಇಲ್ಲಿಯಾದರೋ ಸ್ವರಗಳದೇ ಒಂದು ಕಟ್ಟು, ವ್ಯಂಜನಗಳದೇ ಇನ್ನೊಂದು ಕಟ್ಟು. ಕನಿಷ್ಠ ಮೂರು ಸ್ವರ ಮತ್ತು ನಾಲ್ಕು ವ್ಯಂಜನ ಇರುವಂತೆ ಒಟ್ಟು ಒಂಬತ್ತನ್ನು ಆರಿಸಿಕೊಂಡು 30 ಸೆಕೆಂಡಿನಲ್ಲಿ ಅವುಗಳನ್ನು ಮತ್ತೆ ಕೂಡಿಸಿ ಆದಷ್ಟು ಉದ್ದದ ಪದ ಮಾಡಬೇಕು. ನಿನಗೆ ಎರಡೂ ಬಗೆಯ ಕಣ್ಣುಗಳಿವೆ. ನಿನ್ನೆ ಒಂದು ಸುತ್ತಿನ ಒಂಬತ್ತರಲ್ಲಿ ಎಂಟು ಅಕ್ಷರ ಬಳಸಿ ನಿನ್ನ ಎದುರಾಳಿ ಚಾಂಪಿಯನ್ ‘ರಿಲೇಟಿಂಗ್’ ಎಂದಾಗ ನೀನು ‘ಟ್ರಯಾಂಗಲ್’ ಎಂದೆಯಲ್ಲ, ನಾನು ಅವೇ ಎಂಟರಿಂದ ‘ಇಂಟೆಗ್ರಲ್’ ಮಾಡಿಕೊಂಡು ಕುಳಿತಿದ್ದೆ. ನಿಘಂಟಿನ ಮೂಲೆಯಲ್ಲಿ ಕುಳಿತು ಪದಗಳನ್ನು ಪರೀಕ್ಷಿಸುವ ಸೂಸಿ ಡೆಂಟ್ ಇನ್ನೆರಡನ್ನು ಹೇಳಿಯಾರೆಂದು ಕಾದೆ.

ಅಂಕಿಗಳಿಗೆ ಕಾಗುಣಿತವಿಲ್ಲವಾದ್ದರಿಂದ ಆ ಸುತ್ತು ಮೊದಲ ವಾರದಿಂದಲೇ ನನ್ನದಾಯಿತು. 1997ರಲ್ಲಿ ಬಂದ ಒಂದು ಲೆಕ್ಕವನ್ನು ನಾನು ಮರೆತಿಲ್ಲ. ನಾಲ್ಕೂ ದೊಡ್ಡ ಸಂಖ್ಯೆಗಳು ಬಂದಿದ್ದವು: 25, 50, 75, 100, ಜೊತೆಗೆ 3 ಮತ್ತು 6. ಒಂದೊಂದನ್ನು ಒಂದೇ ಸಲ ಬಳಸಿ, ಕೂಡಿ ಕಳೆದು ಗುಣಿಸಿ ಭಾಗಿಸಿ ಮುಟ್ಟಬೇಕಾದದ್ದು 952. ಒಬ್ಬ ಯುವ ಸ್ಪರ್ಧಿ 100ಕ್ಕೆ 6 ಕೂಡಿ 106 ಮಾಡಿದ, 3ರಿಂದ ಗುಣಿಸಿ 318 ಮಾಡಿದ. ಅಲ್ಲಿಂದ 75ರಿಂದ ಗುಣಿಸಿ 23,850ಕ್ಕೆ ಹೋಗುತ್ತೇನೆ ಎಂದಾಗ ಇವನು ದಾರಿ ತಪ್ಪಿದನೆಂದೇ ನಾನು ನಂಬಿದೆ. ಅವನು 50 ಕಳೆದ, 25ರಿಂದ ಭಾಗಿಸಿದ; ಆಗ ಅಂಕಿಗಳ ಸುತ್ತು ನೋಡಿಕೊಳ್ಳುತ್ತಿದ್ದ ಕ್ಯಾರಲ್ ವೋರ್ಡರ್‌ಮನ್ ಅವರ ಫಲಕದ ಮೇಲೆ 952 ನಿಂತಿತ್ತು. ಅಂದು ರಾತ್ರಿ ವಾರ್ಡಿನಲ್ಲಿ ಎಲ್ಲರೂ ಮಲಗಿದ ಮೇಲೆ ಒಂದು ಚೀಟಿಯಲ್ಲಿ ಅದನ್ನೇ ಮತ್ತೆ ಮತ್ತೆ ಬರೆದು ನೋಡಿದಾಗ ಗುಟ್ಟು ಬಯಲಾಯಿತು. ಕೊನೆಯಲ್ಲಿ 25ರಿಂದ ಭಾಗಿಸುವುದು ನಿಶ್ಚಯವಾಗಿದ್ದರೆ 75 ಎಂದರೆ ಬರಿಯ 3, 50 ಎಂದರೆ ಬರಿಯ 2. 106ನ್ನು ಎರಡು ಸಲ 3ರಿಂದ ಗುಣಿಸಿದರೆ 954, ಅದರಲ್ಲಿ 2 ಹೋದರೆ 952. ಅಷ್ಟು ದೊಡ್ಡ ಸಂಖ್ಯೆಗಳ ಹಿಂದೆ ಇಷ್ಟು ಸಣ್ಣ ಲೆಕ್ಕ ಅಡಗಿತ್ತು. ನೀನು ಏಳು ವರ್ಷದವಳಾಗಿದ್ದಾಗ ನಿನಗೆ 25ರ ಮಗ್ಗಿಯನ್ನೂ 75ರ ಮಗ್ಗಿಯನ್ನೂ ಬಾಯಿಪಾಠ ಮಾಡಿಸಿದ್ದು ಈ ಒಂದು ರಾತ್ರಿಯ ಕಾರಣದಿಂದ.

ಇನ್ನು ನಿನ್ನೆಯ ಪಂದ್ಯ. ಅಂಕಿಗಳ ನಾಲ್ಕು ಸುತ್ತುಗಳಲ್ಲಿ ಎರಡನೆಯದರ ಆಯ್ಕೆ ನಿನ್ನದಾದಾಗ ನೀನು ‘ನಾಲ್ಕು ದೊಡ್ಡವು, ಎರಡು ಸಣ್ಣವು’ ಎಂದು ಅಳುಕಿಲ್ಲದೆ ಕೇಳಿದೆ. 7 ಮತ್ತು 4 ಬಂದವು, ಗುರಿ 331. ನೀನು 100, 7, 4 ಕೂಡಿ 111 ಎಂದೆ; 75ರಿಂದ ಗುಣಿಸಿ 8,325 ಎಂದೆ; 50 ಕಳೆದು, 25ರಿಂದ ಭಾಗಿಸಿ 331 ಎಂದೆ. ವೋರ್ಡರ್‌ಮನ್ ಅವರ ಜಾಗದಲ್ಲಿ ನಿಂತಿರುವ ರೇಚಲ್ ರೈಲಿ ಅದನ್ನು ಬರೆದು ಮುಗಿಸುವ ಮೊದಲೇ ನಾನು ಎದ್ದು ನಿಂತಿದ್ದೆ. ನಿನ್ನ ಎದುರಾಳಿ ಗುರಿಯಿಂದ ಆರು ದೂರದಲ್ಲಿ ನಿಂತಿದ್ದ. ಗುರಿಗೆ ಹತ್ತಿರವಿದ್ದವರಿಗೆ ಮಾತ್ರ ಅಂಕ ಸಲ್ಲುವುದರಿಂದ ಹತ್ತೂ ನಿನಗೇ ಬಂದವು. ಐದು ಪಂದ್ಯ ಗೆದ್ದು ಬಂದಿದ್ದ ಆ ಮನುಷ್ಯ ಅಕ್ಷರಗಳಲ್ಲಿ ನಿನಗಿಂತ ಒಂದು ಹೆಜ್ಜೆ ಮುಂದಿದ್ದರೂ ದೊಡ್ಡ ಸಂಖ್ಯೆಗಳ ಎದುರು ತಡವರಿಸುತ್ತಾನೆಂಬುದು ಆಗಲೇ ಸ್ಪಷ್ಟವಾಗಿತ್ತು.

ಅಂಕಿಗಳ ಕೊನೆಯ ಸುತ್ತಾದ ಹದಿನಾಲ್ಕನೆಯದಕ್ಕೆ ಬರುವಾಗ ನಿನ್ನದು 79, ಅವನದು 76. ಆಯ್ಕೆ ಮತ್ತೆ ನಿನ್ನದು. ನೀನು ಒಂದು ಕ್ಷಣ ತಡೆದೆ. ಆ ಕ್ಷಣವನ್ನು ಬೇರೆ ಯಾರೂ ಗಮನಿಸಿರಲಾರರು. ಆಮೇಲೆ ‘ಒಂದು ದೊಡ್ಡದು, ಐದು ಸಣ್ಣವು’ ಎಂದೆ. ಬಂದದ್ದು 50, 9, 8, 5, 3, 2, ಗುರಿ 428. 8ರಿಂದ 50ನ್ನು ಗುಣಿಸಿ 400, 9 ಮತ್ತು 5 ಕೂಡಿ 14, ಅದರ ಎರಡರಷ್ಟು 28. ಗಡಿಯಾರದ ಮುಳ್ಳು ಕಾಲು ದಾರಿ ಸರಿಯುವುದರೊಳಗೆ ಇಬ್ಬರೂ ಲೇಖನಿ ಕೆಳಗಿಟ್ಟಿರಿ. 89, 86. ಪಂದ್ಯ ಕನಂಡ್ರಮ್‌ನ ಕೈಗೆ, ಅಂದರೆ ಒಂಬತ್ತು ಅಕ್ಷರಗಳನ್ನು ಕಲೆಸಿಟ್ಟು ಮೊದಲು ಬಿಡಿಸಿದವರಿಗೆ ಹತ್ತು ಅಂಕ ಕೊಡುವ ಕೊನೆಯ ಒಗಟಿನ ಕೈಗೆ, ಹೋಯಿತು.

ಆ ಮಾತು ನಿನ್ನದಾಗಿರಲಿಲ್ಲ ಮಗಳೇ, ನನ್ನದು. ಚಿತ್ರೀಕರಣದ ಹಿಂದಿನ ರಾತ್ರಿ ಫೋನಿನಲ್ಲಿ, ‘ನೀನು ಮುಂದಿದ್ದರೆ ಕೊನೆಯ ಆಯ್ಕೆಯಲ್ಲಿ ಒಂದೇ ದೊಡ್ಡದು ತೆಗೆದುಕೋ, ಅಪಾಯ ಬೇಡ’ ಎಂದು ಹೇಳಿದವಳು ನಾನು. ಒಂದು ಸಲ ಅಲ್ಲ, ಫೋನು ಇಡುವ ಮುಂಚೆ ಮತ್ತೊಮ್ಮೆ ಹೇಳಿದೆ. ಆ ಊಟದ ದಿನ ನೀನು ನನ್ನ ಮುಖ ನೋಡದಿದ್ದದ್ದು ಇದಕ್ಕೆ. ‘ನಿನ್ನ ಮಾತು ಕೇಳಿ ಹೀಗಾಯಿತು’ ಎಂಬುದು ನನಗೆ ಎಂದೂ ತಿಳಿಯಬಾರದೆಂದು ನೀನು ಇಷ್ಟು ವಾರ ಒಬ್ಬಳೇ ಹೊತ್ತುಕೊಂಡಿದ್ದೀಯೆ. ನಿನ್ನೆಯ ಸಂದೇಶದಲ್ಲಿಯೂ ತಪ್ಪನ್ನು ಒಗಟಿನ ಮೇಲೆ ಹಾಕಿ ನನ್ನನ್ನು ಬಿಟ್ಟುಬಿಟ್ಟೆ.

ಆ ಮಾತು ನನ್ನ ಬಾಯಿಂದ ಏಕೆ ಬಂತೆಂದು ನಿನ್ನೆ ರಾತ್ರಿಯೆಲ್ಲಾ ಯೋಚಿಸಿದೆ. ನಾನು ಅಂಕಿಗಳೊಂದಿಗೆ ಬದುಕಿದ್ದು ವಾರ್ಡಿನಲ್ಲಿ. ಒಂದು ಲೀಟರ್ ದ್ರವ ಎಂಟು ಗಂಟೆಗಳಲ್ಲಿ ಇಳಿಯಬೇಕು, ಒಂದು ಮಿಲಿಲೀಟರ್‌ಗೆ 20 ಹನಿ. ಹಾಗಾದರೆ ನಿಮಿಷಕ್ಕೆ 42 ಹನಿ, 30 ಸೆಕೆಂಡಿಗೆ 21. ಎದೆಗೆ ಸಿಕ್ಕಿಸಿದ ಗಡಿಯಾರ ನೋಡುತ್ತಾ ನಾಡಿಯನ್ನೂ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುತ್ತಿದ್ದೆ. ಅಲ್ಲಿ ದಶಮಾಂಶದ ಬಿಂದು ಒಂದು ಮನೆ ಜರುಗಿದರೆ ಒಬ್ಬರ ಪ್ರಾಣ ಹೋಗಬಹುದು. ಆದ್ದರಿಂದ ಸರಳವಾದ ದಾರಿಯನ್ನೇ ಹಿಡಿ, ಇನ್ನೊಬ್ಬ ನರ್ಸ್ ಪರೀಕ್ಷಿಸಲಿ, ಸಂದೇಹವಿದ್ದರೆ ಕೊಡಬೇಡ ಎಂಬುದು ನನ್ನ ರಕ್ತದಲ್ಲಿ ಸೇರಿಹೋಗಿದೆ. ಆ ಎಚ್ಚರಿಕೆಯ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಆದರೆ ಅದನ್ನು ನಿನ್ನ ಆಟದ ಮೇಜಿಗೆ ತಂದಿಟ್ಟದ್ದು ನನ್ನ ತಪ್ಪು. ಆ ಮೇಜಿನ ಮೇಲೆ ರೋಗಿ ಯಾರೂ ಇರಲಿಲ್ಲ.

ಕಾಗದದ ಮೇಲೆ ಹಾಕಿದ ಲೆಕ್ಕ ಹೀಗಿದೆ. ನೀನು ನಾಲ್ಕು ದೊಡ್ಡವನ್ನು ಕೇಳಿ, ಹಿಂದಿನಂತೆಯೇ ಗುರಿ ಮುಟ್ಟಿ, ಅವನು ತಡವರಿಸಿದ್ದರೆ 89ಕ್ಕೆ 76. ಹದಿಮೂರರ ಅಂತರವನ್ನು ಹತ್ತು ಅಂಕದ ಕನಂಡ್ರಮ್ ತುಂಬಲಾರದು, ಪಂದ್ಯ ಅಲ್ಲಿಗೇ ನಿನ್ನದಾಗುತ್ತಿತ್ತು. ಇಬ್ಬರೂ ಮುಟ್ಟಿದ್ದರೆ ನಿನ್ನೆ ಇದ್ದಲ್ಲಿಯೇ ಇರುತ್ತಿದ್ದಿರಿ. ಎಲ್ಲಕ್ಕಿಂತ ಕೆಟ್ಟದ್ದು ನಡೆದು ಅವನು ಮುಟ್ಟಿ ನೀನು ತಪ್ಪಿದ್ದರೆ 79ಕ್ಕೆ 86; ಆಗಲೂ ಕನಂಡ್ರಮ್ ಬಿಡಿಸಿದರೆ 89 ಆಗಿ ನೀನೇ ಗೆಲ್ಲುತ್ತಿದ್ದೆ. ಅಂದರೆ ನಾನು ಯಾವ ಅಪಾಯಕ್ಕೆ ಹೆದರಿ ಎಚ್ಚರಿಸಿದೆನೋ ಆ ಅಪಾಯವೇ ಅಲ್ಲಿ ಇರಲಿಲ್ಲ. ಯಾವ ದಾರಿಯಲ್ಲಿ ಹೋಗಿದ್ದರೂ ನಿನ್ನ ಪಾಲಿಗೆ ಕನಂಡ್ರಮ್ ಉಳಿದೇ ಇರುತ್ತಿತ್ತು. ಅದರ ಹಂಗಿಲ್ಲದೆ ಗೆಲ್ಲಬಹುದಾಗಿದ್ದ ಒಂದೇ ದಾರಿಯನ್ನು ನನ್ನ ಮಾತು ಮುಚ್ಚಿತು. ಮೂರು ಅಂಕ ಮುಂದಿದ್ದವರಿಗೆ ಸುಲಭದ ಲೆಕ್ಕವೇ ಕ್ಷೇಮ ಎಂದು ಎಷ್ಟೋ ವರ್ಷ ಸೋಫಾದ ಮೇಲೆ ಕುಳಿತು ಹೇಳಿಕೊಂಡು ಬಂದಿದ್ದೆ, ಒಂದು ಸಲವೂ ಕೂಡಿ ಕಳೆದು ನೋಡಿರಲಿಲ್ಲ.

ಕನಂಡ್ರಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂ, ಎ, ಆರ್, ಸಿ, ಎಚ್, ಓ, ಎನ್, ಐ, ಎ ಎಂದು ಜೋಡಿಸಿಟ್ಟದ್ದೇ ‘ಮಾರ್ಚ್’ ಎಂಬ ಪದ ಕಣ್ಣನ್ನು ಹಿಡಿದು ನಿಲ್ಲಿಸಲಿ ಎಂದು. ನಾನೂ ಅಲ್ಲಿಯೇ ನಿಂತುಬಿಟ್ಟಿದ್ದೆ. ಅವನು ನಾಲ್ಕು ಸೆಕೆಂಡಿನಲ್ಲಿ ಗುಂಡಿ ಒತ್ತಿ ‘ಹಾರ್ಮೋನಿಕಾ’ ಎಂದ. 96ಕ್ಕೆ 89. ಕೆಲವರಿಗೆ ಅಕ್ಷರಗಳು ತಾವಾಗಿಯೇ ಸರಿದು ಜಾಗ ಬಿಡುತ್ತವೆ, ಅದು ಅವನ ಶಕ್ತಿ, ಅವನನ್ನು ಮೆಚ್ಚಬೇಕು. ಗೆದ್ದವರಿಗೆ ಕೊಡುವ ಆ ಗಡಿಯಾರದ ಚಿತ್ರವಿರುವ ಟೀಪಾಟ್ ಅವನ ಮನೆಯಲ್ಲಿ ಈಗಾಗಲೇ ಇದ್ದೀತು. ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಅದಕ್ಕೆಂದು ನಾನು ಜಾಗ ಮಾಡಿಟ್ಟಿದ್ದೆನೆಂಬುದನ್ನು ನಿನ್ನ ತಂದೆಯವರು ಹೇಳಿಬಿಡುವ ಮುಂಚೆ ನಾನೇ ಹೇಳುತ್ತಿದ್ದೇನೆ.

ಕ್ಷಮೆ ಕೇಳಬೇಕಾದವಳು ನೀನಲ್ಲ, ನಾನು. ಬಾಯಲ್ಲಿ ಹೇಳಿದರೆ ನೀನು ‘ಇರಲಿ ಬಿಡಮ್ಮ’ ಎಂದು ಮಾತು ಬದಲಿಸುತ್ತೀಯೆಂದು ಗೊತ್ತಿರುವುದರಿಂದ ಬರೆದಿಟ್ಟಿದ್ದೇನೆ.

ಭಾನುವಾರ ಬರುವಾಗ ಇದನ್ನು ಬಿಡಿಸಿಕೊಂಡು ಬಾ. 25, 50, 75, 100, ಮತ್ತು 3, 8. ಗುರಿ 926. ಉತ್ತರವಿದೆ, ನಾನು ಬರೆದಿಟ್ಟಿದ್ದೇನೆ. ಗಡಿಯಾರ ನೋಡಿಕೊಂಡು ಮಾಡು, ಮತ್ತು ಎಷ್ಟು ಸೆಕೆಂಡು ಹಿಡಿಯಿತೆಂದು ನಿಜ ಹೇಳು.

ನಿನ್ನ ಅಮ್ಮ