ತಂಗಿಯ ಸೈನ್ ತೆಗೆದುಕೊಳ್ಳುವ ಮೊದಲು

(ಈ ಪತ್ರವನ್ನು ಮೊದಲು ನನ್ನ ಗೆಳೆಯನಿಗೇ ಕಳಿಸಿದ್ದೆ. ಹೆಸರು ತೆಗೆದು ಹಾಕು, ಬೇರೆಯವರೂ ಓದಲಿ ಎಂದ.)

ಗೆಳೆಯಾ,

ನಿನ್ನೆ ನೀನು ಫೋನ್ ಮಾಡಿದಾಗ ನಾನು ಮದ್ದುಸೊಪ್ಪು ಬೇಯಿಸುತ್ತಿದ್ದೆ. ಕಕ್ಕಡ ಹದಿನೆಂಟು ಅಲ್ವಾ, ನಮ್ಮ ಕೊಡಗಿನಲ್ಲಿ ಈ ಔಷಧಿ ಸೊಪ್ಪು ತಿನ್ನುವ ಮಳೆಗಾಲದ ದಿನ. ಒಲೆ ಮೇಲೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ಹೊರಗೆ ಜೋರು ಮಳೆ, ನಿನ್ನ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ. ಒಂದು ಮಾತು ಮಾತ್ರ ಸರಿಯಾಗಿ ಕೇಳಿಸಿತು. "ಗುರುವಾರ ತಂಗಿಯನ್ನು ಸೋಮವಾರಪೇಟೆಗೆ ಕರೆಸಿದ್ದೇನೆ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಸೈನ್ ಅಷ್ಟೇ." ಅಪ್ಪನ ತೋಟದಲ್ಲಿ ಅವಳ ಪಾಲು ಬಿಡಿಸಿಕೊಳ್ಳುವ ಸೈನ್ ಅದು. ನಾನು ಹೂಂ ಎಂದು ಫೋನ್ ಇಟ್ಟೆ. ಹಾಗೆ ಹೂಂ ಎಂದದ್ದು ರಾತ್ರಿಯೆಲ್ಲ ಚುಚ್ಚುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

"ಒಂದು ಸೈನ್ ಅಷ್ಟೇ" ಎಂದು ನನ್ನ ಅಣ್ಣನೂ ಹೇಳಿದ್ದ. 2011ರಲ್ಲಿ, ನನ್ನ ಮದುವೆಗೆ ಹದಿನೈದು ದಿನ ಇರುವಾಗ. ಎಲ್ಲೆಲ್ಲಿ ಸೈನ್ ಹಾಕಬೇಕೆಂದು ಯಾರೋ ಬೆರಳಿಟ್ಟು ತೋರಿಸುತ್ತಾ ಹೋದರು, ನಾನು ಹಾಕುತ್ತಾ ಹೋದೆ. ಒಂದು ಪುಟವನ್ನೂ ಓದಲಿಲ್ಲ. ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಅಣ್ಣ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದ, ಒಂದು ಸೀರೆ ತೆಗೆಸಿಕೊಟ್ಟ. ನಾನು ಖುಷಿಯಾಗಿಯೇ ಇದ್ದೆ ಕಣೋ. ಇವತ್ತು ನೋಯುವುದು ಅದೇ. ಯಾರೂ ಹೆದರಿಸಿರಲಿಲ್ಲ, ಗದರಿರಲಿಲ್ಲ. ಬಿಟ್ಟುಕೊಡುವವಳೇ ಒಳ್ಳೆಯ ಮಗಳು ಎಂದು ಚಿಕ್ಕಂದಿನಿಂದ ಕೇಳಿ ಕೇಳಿ, ಬಿಟ್ಟುಕೊಡುವಾಗ ನನ್ನದೇನೋ ಹೋಗುತ್ತಿದೆ ಎಂದು ಅನಿಸಲೂ ಇಲ್ಲ.

ನಿನಗೆ ನಿಮ್ಮ ಹಳೆಯ ಜೀಪು ನೆನಪಿದೆಯಾ? ನೀನೂ ನನ್ನ ಅಣ್ಣನೂ ಹದಿನಾಲ್ಕು ವರ್ಷಕ್ಕೇ ತೋಟದ ದಾರಿಯಲ್ಲಿ ಅದನ್ನು ಓಡಿಸಲು ಕಲಿತಿರಿ. ನಾನೂ ನಿನ್ನ ತಂಗಿಯೂ ಹಿಂದೆ ಕೂರುತ್ತಿದ್ದೆವು. ಗೇಟು ಬಂದಾಗ ಇಳಿದು ತೆಗೆಯುವುದು, ಜೀಪು ದಾಟಿದ ಮೇಲೆ ಹಾಕಿ ಮತ್ತೆ ಓಡಿ ಬಂದು ಹತ್ತುವುದು ನಮ್ಮ ಕೆಲಸ. ಯಾರೂ ಹಾಗೆ ಮಾಡಿ ಎಂದು ಹೇಳಿದ್ದಲ್ಲ. ನಮಗೂ ಒಂದು ಸಲ ಸ್ಟೀರಿಂಗ್ ಕೊಡಿ ಎಂದು ನಾವೂ ಕೇಳಲಿಲ್ಲ. ನಾನು ಡ್ರೈವಿಂಗ್ ಕಲಿತದ್ದು ಮೂವತ್ತೈದಕ್ಕೆ, ಅದೂ ಗಂಡನಿಗೆ ಬೆನ್ನು ನೋವು ಬಂದು ಕಾಫಿ ಮೂಟೆ ಸಾಗಿಸಲು ಬೇರೆ ದಾರಿ ಇಲ್ಲದೆ ಹೋದಾಗ.

ಇನ್ನು ನಿನ್ನ ತಂಗಿ. ನಿಮ್ಮ ಮನೆಯಲ್ಲಿ ತೋಟ ಯಾರ ಕೈಗೆ ಒಗ್ಗಿತ್ತು ಎಂದು ನೀನೇ ಹೇಳು. ಅರೇಬಿಕಾ ಗಿಡದ ಕಾಂಡದ ಮೇಲೆ ಎದ್ದ ಉಂಗುರದಂಥ ಗೆರೆ ನೋಡಿ ಇದಕ್ಕೆ ಬೋರರ್, ಕಾಂಡ ಕೊರೆಯುವ ಹುಳು, ಬಿದ್ದಿದೆ ಎಂದು ಹೇಳುತ್ತಿದ್ದವಳು ಅವಳು. ಆ ಗಿಡ ಕಿತ್ತು ಸುಡುವವರೆಗೂ ಅಪ್ಪನ ಬೆನ್ನು ಬಿಡುತ್ತಿರಲಿಲ್ಲ. ಸಂಬಳದ ಪುಸ್ತಕ ಬರೆಯುತ್ತಿದ್ದವಳೂ ಅವಳೇ. ಒಂದು ಶನಿವಾರ ಲೆಕ್ಕ ಬರೆಯುತ್ತಾ, ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಮ್ಮಿ ಯಾಕೆ ಅಪ್ಪ, ಇಬ್ಬರೂ ಗೊಬ್ಬರ ಹಾಕಿದ್ದು ಒಂದೇ ಸಾಲಿಗಲ್ವಾ ಎಂದು ಕೇಳಿದ್ದಳು. ಆಗ ಅವಳಿಗೆ ಹನ್ನೆರಡು ವರ್ಷ. ನಿನ್ನ ಅಪ್ಪ, "ಮೊದಲಿಂದಲೂ ಹಾಗೇ" ಎಂದರು. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಕಾನೂನು 1976ರಲ್ಲೇ ಬಂದಿತ್ತು, ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ ಅಷ್ಟೇ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ದಾರಿಗಳೆಲ್ಲ ಮುಚ್ಚಿಹೋದಾಗ ನೀನು ಮೈಸೂರಲ್ಲಿ ಸಿಕ್ಕಿಕೊಂಡಿದ್ದೆ. ರಾತ್ರಿಯೆಲ್ಲ ಟಾರ್ಚ್ ಹಿಡಿದು ಮನೆ ಹಿಂದಿನ ದರೆ ಕಾದವಳು ಅವಳು.

ನಿನ್ನ ಕಥೆಯೂ ನನಗೆ ಗೊತ್ತು, ಮರೆತಿಲ್ಲ. ನಿನಗೆ ಮೇಷ್ಟ್ರಾಗಬೇಕಿತ್ತು. ಬಿ.ಎಡ್. ಸೀಟು ಸಿಕ್ಕಿತ್ತು. ಗಂಡುಮಗ ಹೊರಗೆ ಹೋದರೆ ತೋಟ ಯಾರು ನೋಡುತ್ತಾರೆ ಎಂದು ಅಪ್ಪ ಕೇಳಿದರು, ನೀನು ಟ್ರಂಕ್ ಬಿಚ್ಚಿ ಬಟ್ಟೆ ಬೀರುವಿಗೆ ಹಾಕಿದೆ. ಆ ಸಂಜೆ ಕಣದ ಕಟ್ಟೆ ಮೇಲೆ ಕೂತು ನೀನು ಒಂದು ಮಾತೂ ಆಡಲಿಲ್ಲ. ತೋಟ ಬೇಕೆಂದವಳನ್ನು ಮದುವೆ ಮಾಡಿ ಮೈಸೂರಿಗೆ ಕಳಿಸಿದರು, ಮೈಸೂರಿಗೆ ಹೋಗಬೇಕೆಂದವನನ್ನು ತೋಟದಲ್ಲಿ ಕಟ್ಟಿಹಾಕಿದರು. ನಿನಗೆ ಆದದ್ದು ಅನ್ಯಾಯ ಎಂದು ನಾನು ಅವತ್ತೂ ಹೇಳಿದ್ದೆ, ಇವತ್ತೂ ಹೇಳುತ್ತೇನೆ. ಅದೇ ಬಾಯಲ್ಲಿ ಅವಳದ್ದನ್ನೂ ಹೇಳದಿದ್ದರೆ ಹೇಗೆ?

ಕಾಗದದ ವಿಷಯಕ್ಕೆ ಬರುತ್ತೇನೆ. ನಿಮ್ಮ ಆರು ಎಕರೆಯಲ್ಲಿ ನಾಲ್ಕು ಅಜ್ಜನಿಂದ ಬಂದದ್ದು, ಎರಡು ನಿನ್ನ ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡದ್ದು. ವಿಲ್ ಬರೆಯದೆ ಹೋದರು. ಅಪ್ಪ ಕೊಂಡ ಎರಡು ಎಕರೆಯಲ್ಲಿ ಅಮ್ಮನಿಗೆ, ನಿನಗೆ, ತಂಗಿಗೆ ಸಮಪಾಲು. ಇದು ಹೊಸ ಕಾನೂನೇನಲ್ಲ, 1956ರಿಂದ ಇರುವುದು. ಅಜ್ಜನ ಆಸ್ತಿಯಲ್ಲಿ ನಮ್ಮ ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಬಂತು, ಮದುವೆಯಾದವರಿಗೂ. ನನ್ನ ಅಪ್ಪ ಮಾತ್ರ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ನನಗೆ ಬರುವುದು ಅಲ್ಪಸ್ವಲ್ಪ ಎಂದು ಹೇಳಿದ್ದರು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದಿತು. ಅದನ್ನು ಪೇಪರಿನಲ್ಲಿ ಓದಿದ ದಿನ ನಾನು ಒಲೆ ಮುಂದೆ ಕೂತು ಅತ್ತೆ. ನಾನು ಬಿಟ್ಟುಕೊಟ್ಟು ಒಂಬತ್ತು ವರ್ಷ ಆಗಿತ್ತು.

ಹೆಸರಲ್ಲೇನಿದೆ, ಮನೆ ಎಲ್ಲರದ್ದೂ ತಾನೆ ಎಂದೆ ನೀನು. ಇಲ್ಲಿ ಶನಿವಾರಸಂತೆ ಹತ್ತಿರ ಹದಿನೈದು ವರ್ಷದಿಂದ ನಾನು ತೋಟ ನೋಡುತ್ತಿದ್ದೇನೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಎಷ್ಟು ಬಂತು ಎಂದು ಕ್ಯಾಲೆಂಡರಿನಲ್ಲಿ ಬರೆಯುವವಳು ನಾನು. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು, ಆಳು ಹೊಂದಿಸುವವಳು ನಾನು. ಕಣದಲ್ಲಿ ಕಾಫಿ ಹರಡಿದಾಗ ಮೋಡ ಕಂಡರೆ ಓಡುವವಳೂ ನಾನೇ. ಆದರೆ ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ನಾನಿಲ್ಲ. ಹಾಗಾಗಿ ಬೆಳೆ ಸಾಲಕ್ಕೆ ಅರ್ಜಿ ಬರೆಯುವುದು ನಾನು, ಸೈನ್ ಹಾಕುವುದು ನನ್ನ ಗಂಡ. ವ್ಯಾಪಾರಿ ಮೆಣಸಿನ ರೇಟು ಹೇಳಲು ಅವರಿಗೇ ಫೋನ್ ಮಾಡುತ್ತಾರೆ, ಅವರು "ತಡೀರಿ, ಕೇಳಿ ಹೇಳ್ತೀನಿ" ಎಂದು ನನ್ನನ್ನು ಕೇಳುತ್ತಾರೆ. ಮಳೆಹಾನಿ ನೋಡಲು ಬಂದವರು ನನ್ನನ್ನು ದಾಟಿಕೊಂಡು ಹೋಗಿ, "ಯಜಮಾನ್ರು ಇಲ್ವಾ" ಎಂದರು. ಎಲ್ಲಿ ಎಷ್ಟು ಗಿಡ ಹೋಗಿದೆ ಎಂದು ಅವರಿಗೆ ತೋರಿಸಿದವಳು ನಾನು. ನನ್ನ ಗಂಡ ಒಳ್ಳೆಯವರು, ಅವರ ಮೇಲೆ ದೂರು ಹೇಳುತ್ತಿಲ್ಲ. ಆದರೆ ಒಳ್ಳೆಯ ಗಂಡ, ಒಳ್ಳೆಯ ಅಣ್ಣ ಸಿಗುವ ಅದೃಷ್ಟದ ಮೇಲೆ ಒಬ್ಬಳ ಬದುಕು ನಿಲ್ಲಬೇಕಾ?

ನಿನ್ನ ಅಮ್ಮನನ್ನೇ ನೋಡು. ರೇಷನ್ ಕಾರ್ಡಿನಲ್ಲಿ ಅವರೇ ಮನೆ ಯಜಮಾನಿ, ಗೃಹಲಕ್ಷ್ಮಿಯ 2000 ರೂಪಾಯಿ ಅವರ ಖಾತೆಗೇ ಬರುತ್ತದೆ. ನಲವತ್ತು ವರ್ಷ ದುಡಿದ ತೋಟದ ಪಹಣಿಯಲ್ಲಿ ಅವರ ಹೆಸರು ಒಂದು ದಿನವೂ ಇರಲಿಲ್ಲ. ತಿಥಿ ಮುಗಿದ ಸಂಜೆ ನಿಮ್ಮ ಮನೆಯಲ್ಲಿ ಗಂಡಸರೆಲ್ಲ ಜಗಲಿಯಲ್ಲಿ ಕೂತು ಆಸ್ತಿ ವಿಷಯ ಮಾತಾಡಿದಿರಿ. ಅಮ್ಮ, ತಂಗಿ, ನಾನು ಒಳಗೆ ಲೋಟ ತೊಳೆಯುತ್ತಿದ್ದೆವು. ನಲ್ಲಿ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅಮ್ಮ ಒಂದು ಸಲ ನಲ್ಲಿ ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಮತ್ತೆ ತಿರುಗಿಸಿದರು.

ನಿನ್ನ ಭಯ ಸುಳ್ಳು ಎನ್ನುತ್ತಿಲ್ಲ. ನಾಳೆ ಭಾವ ಬಂದು ಮಾರು ಎಂದರೆ? ಆರು ಎಕರೆ ಚೂರಾದರೆ ಯಾರಿಗೂ ಏನೂ ಉಳಿಯಲ್ಲ ಎಂದೆ. ಜಂಟಿ ಹೆಸರಿದ್ದರೆ ಸಾಲಕ್ಕೆ ಎಲ್ಲರ ಒಪ್ಪಿಗೆ ಬೇಕು, ಅದೂ ನಿಜ. ಆದರೆ ಜಂಟಿ ಹೆಸರು ಎಂದ ಮಾತ್ರಕ್ಕೆ ನಾಳೆಯೇ ಬೇಲಿ ಹಾಕಬೇಕಾಗಿಲ್ಲ. ಮೂವರ ಹೆಸರೂ ಇರಲಿ, ದುಡಿಯುವವನು ನೀನು, ನಿನ್ನ ದುಡಿಮೆಗೆ ಮೊದಲು ಲೆಕ್ಕ ಹಾಕಿಕೋ, ಉಳಿದದ್ದನ್ನು ಹಂಚಿಕೊಳ್ಳಿ. ಅವಳ ಮದುವೆಗೆ ಖರ್ಚು ಮಾಡಿದ್ದೇವೆ ಎಂಬ ಮಾತನ್ನು ಮಾತ್ರ ದಯವಿಟ್ಟು ಇನ್ನೊಮ್ಮೆ ಹೇಳಬೇಡ. ನಿನ್ನ ಮದುವೆಗೂ ಖರ್ಚಾಗಿದೆ, ಅದನ್ನು ಯಾರೂ ನಿನ್ನ ಪಾಲಿನಲ್ಲಿ ಕಳೆದಿಲ್ಲ.

ವಂಶವೃಕ್ಷದಲ್ಲಿ ಅವಳ ಹೆಸರು ಬರೆಸಿದ್ದೀಯ, ಅದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತು. ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಅಲ್ಲೇ ಬಿಟ್ಟುಹೋಗುತ್ತಾರೆ.

ಅವಳು ನನಗೆ ಏನೂ ಹೇಳಿಲ್ಲ, ಅವಳು ಹೇಳಿಸಿದ್ದು ಎಂದುಕೊಳ್ಳಬೇಡ. ಅಪ್ಪ ಹಾಸಿಗೆ ಹಿಡಿದ ಆ ಎಂಟು ತಿಂಗಳು ಹದಿನೈದು ದಿನಕ್ಕೊಮ್ಮೆ ಮೈಸೂರಿನಿಂದ ಕೆಂಪು ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದಳಲ್ಲ, ಆಗಲೂ ಅವಳು ಏನೂ ಕೇಳಲಿಲ್ಲ. ಗುರುವಾರವೂ ಕೇಳುವುದಿಲ್ಲ. ಬೆರಳು ತೋರಿಸಿದ ಕಡೆ ಸೈನ್ ಹಾಕಿ, ನೀನು ಕೊಡಿಸಿದ ದೋಸೆ ತಿಂದು ಬಸ್ ಹತ್ತುತ್ತಾಳೆ. ಅದಕ್ಕೇ ನೀನೇ ಮೊದಲು ಮಾತಾಡಬೇಕು. ಅದು ಹಕ್ಕು ಬಿಡುಗಡೆ ಪತ್ರ ಎಂದು ಅದರ ಹೆಸರು ಹಿಡಿದೇ ಹೇಳು. ಪ್ರತಿ ವಾಟ್ಸಾಪ್ ಮಾಡು, ಪೂರ್ತಿ ಓದಲಿ. ನಿನಗೆ ಏನು ಬೇಕು ಎಂದು ಕೇಳು. ಕೇಳಿ ಸುಮ್ನೆ ಇರು, ಅವಳಿಗೆ ಉತ್ತರ ಹುಡುಕಲು ಹೊತ್ತು ಬೇಕಾಗುತ್ತದೆ. ಎಲ್ಲ ತಿಳಿದ ಮೇಲೂ ಬಿಟ್ಟುಕೊಡುತ್ತೇನೆ ಎಂದರೆ ಅದು ಅವಳಿಷ್ಟ, ನಾನು ಮತ್ತೆ ಈ ಮಾತು ಎತ್ತುವುದಿಲ್ಲ.

ಗುರುವಾರಕ್ಕೆ ಇನ್ನೂ ಎರಡು ದಿನ ಇದೆ. ಅವಳು ಮಕ್ಕಳಿಗೆ ಊಟ ಹಾಕಿ ಒಂಬತ್ತರ ಮೇಲೆ ಬಿಡುವಾಗುತ್ತಾಳೆ. ಇವತ್ತೇ ಫೋನ್ ಮಾಡು.

ನಿನ್ನ ಗೆಳತಿ