ಪುಟ್ಟಿಗೆ, ಪರಿಷೆ ಮುಗಿದ ಮೇಲೆ

ಬಸವನಗುಡಿ, ಬೆಂಗಳೂರು
ಗುರುವಾರ ರಾತ್ರಿ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಪುಣೆ ತಲುಪಿದೆವು ಅಂತ ನಿಮ್ಮಮ್ಮನ ಫೋನಿಗೆ ಮೆಸೇಜು ಬಂತು. ನನ್ನ ಫೋನಿಗೆ ಬರಲಿಲ್ಲ. ಇರಲಿ. ಸೋಮವಾರ ಸಂಜೆ ಕಡಲೆಕಾಯಿ ಪರಿಷೆಯಲ್ಲಿ, ದೊಡ್ಡ ಬಸವನ ಗುಡಿ ಮುಂದೆ ನಿನ್ನ ಮಗನಿಗೆ ನಾನು ಬಸವನ ಕಥೆ ಹೇಳುವಾಗ ಏನಾಯಿತು ಅಂತ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತು. ಬೆಂಡು ಬತ್ತಾಸಿನ ಅಂಗಡಿಯವನಿಗೂ ಗೊತ್ತು, ನನ್ನ ಗಂಟಲು ಅಷ್ಟು ಜೋರಿತ್ತು.

ಮೂರು ದಿನದಿಂದ ಲೆಕ್ಕ ಹಾಕುತ್ತಿದ್ದೇನೆ. ಕಡಲೆಕಾಯಿ ದಕ್ಷಿಣ ಅಮೆರಿಕದ್ದು, ಇಲ್ಲಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ, ಹಾಗಿದ್ದ ಮೇಲೆ ಕೆಂಪೇಗೌಡರ ಕಾಲದ ಬಸವ ಯಾವ ಕಡಲೆಕಾಯಿ ತಿಂದ ಅಂತ ಕೇಳಿದೆಯಲ್ಲ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಕೆಂಪೇಗೌಡರು ಊರು ಕಟ್ಟಿದ್ದು 1537 ಅಂತಾರೆ. ನಡುವೆ 27 ವರ್ಷ. ಒಂದು ಹಿಡಿ ಬೀಜ ಘಟ್ಟ ಹತ್ತಿ ಸುಂಕೇನಹಳ್ಳಿಗೆ, ಅಂದರೆ ಈಗಿನ ನಮ್ಮ ಬಸವನಗುಡಿಗೆ, ಬರೋಕೆ ಅಷ್ಟು ಸಾಲದೆ? ನಿಮ್ಮಮ್ಮನಿಗೆ ಹೇಳಿದೆ. "ವಾದ ಗೆಲ್ಲೋಕೆ ಗೋವಾಕ್ಕೆ ಹೋಗ್ತೀರಿ, ಮಗಳಿಗೆ ಫೋನ್ ಮಾಡೋಕೆ ಪಕ್ಕದ ರೂಮಿಗೂ ಹೋಗಲ್ಲ" ಅಂದಳು. ಅದಕ್ಕೇ ಈ ಪತ್ರ.

ನೀನು ಹೇಳಿದ್ದು ಸರಿಯಿರಬಹುದು. (ಸರಿಯೇ.) ಮೊದಲ ಕಥೆಯಲ್ಲಿ ಬೇರೆ ಯಾವುದೋ ಕಾಳಿದ್ದು, ಆಮೇಲೆ ಕಡಲೆಕಾಯಿ ಸೇರಿಕೊಂಡಿರಬಹುದು. ಹೊಲದಲ್ಲಿ ಬೆಳೆ ಬದಲಾದರೆ ಕಥೆಯಲ್ಲೂ ಬದಲಾಗುತ್ತೆ.

ಆದರೆ ಮಗು ನನ್ನನ್ನು ಕೇಳಿದ್ದು ಕಡಲೆಕಾಯಿ ವಿಷಯ ಅಲ್ಲ. ಪೀಪಿಗಳ ಗದ್ದಲದಲ್ಲಿ ನಿನಗದು ಕೇಳಿಸಿರಲಿಲ್ಲ. ರೈತ ರಾತ್ರಿ ಕಾವಲು ಕೂತ, ಬೆಳೆ ಮೇಯುತ್ತಿದ್ದ ಬಸವನಿಗೆ ದೊಣ್ಣೆಯಲ್ಲಿ ಹೊಡೆದ, ಬಸವ ಅಲ್ಲೇ ಕುಸಿದು ಕಲ್ಲಾದ ಅನ್ನೋವರೆಗೆ ಹೇಳಿದ್ದೆ. "ಹೊಡೆದೋನು ಆಮೇಲೆ ಏನ್ ಮಾಡ್ದ ತಾತ?" ಅಂದ. ಊರವರು ನೊಂದುಕೊಂಡು ಗುಡಿ ಕಟ್ಟಿದರು, ಮೊದಲ ಬೆಳೆ ತಂದು ಸುರಿದರು, ಕಾರ್ತಿಕದ ಕಡೇ ಸೋಮವಾರದ ಈ ಪರಿಷೆ ಅದೇ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ಅಮೆರಿಕ ತಂದೆ.

ಹೊಡೆದೋನು. ನಾನು ಅಲ್ಲೇ ನಿಂತುಬಿಟ್ಟಿದ್ದೇನೆ.

ನಿನಗಾಗ ಎಂಟು ವರ್ಷ. ಇದೇ ಪರಿಷೆ. ನಿನಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ಇಷ್ಟು ವರ್ಷ ಬರಲಿಲ್ಲ. ಒಂದು ಸೇರು ಕಾಯಿಗೆ ಚೌಕಾಸಿ ಮಾಡುತ್ತ ಕೈ ಬಿಟ್ಟವನು ನಾನು. ನೀನಲ್ಲ. ಮನೆಯಲ್ಲಿ ಎಲ್ಲರಿಗೂ 'ಕೈ ಬಿಡಿಸಿಕೊಂಡು ಓಡಿದಳು' ಅಂತ ಹೇಳಿದೆ, ಇವತ್ತಿಗೂ ನಿಮ್ಮಮ್ಮ ಹಾಗೇ ನಂಬಿದ್ದಾಳೆ. ಮುಕ್ಕಾಲು ಗಂಟೆ ಹುಡುಕಿದೆ. ದೊಡ್ಡ ಗಣಪತಿ ಮುಂದೆ, ಬ್ಯೂಗಲ್ ರಾಕ್ ಬಂಡೆಗಳ ಮೇಲೆ, ಬಳೆ ಅಂಗಡಿಗಳ ಹಿಂದೆ. ಕಡೆಗೆ ನೀನು ಸಿಕ್ಕಿದ್ದು ಗುಡಿಯೊಳಗೇ. 15 ಅಡಿ ಎತ್ತರದ ಆ ಕರೀ ಬಸವನ ಮುಂದೆ ಕತ್ತೆತ್ತಿ ನಿಂತು ನೆತ್ತಿಯ ತ್ರಿಶೂಲ ಹುಡುಕುತ್ತಿದ್ದೆ. ಕಲ್ಲಾದ ಮೇಲೂ ಬಸವ ಬೆಳೀತಾನೇ ಹೋದ, ಜನ ಹೆದರಿ ಶಿವನ ಮೊರೆಹೊಕ್ಕು ನೆತ್ತಿಗೆ ತ್ರಿಶೂಲ ನೆಟ್ಟು ನಿಲ್ಲಿಸಿದರು ಅಂತ ದಾರಿಯಲ್ಲಿ ನಾನೇ ಹೇಳಿದ್ದೆ. ನನ್ನ ನೋಡಿ "ಅಪ್ಪಾ, ಅದಕ್ಕೆ ನೋವಾಗಲ್ವಾ?" ಅಂದೆ. ನಾನು ಕೆನ್ನೆಗೆ ಬಾರಿಸಿದೆ.

ನೀನು ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳುತ್ತಿದ್ದೆ. ಮಾರನೇ ದಿನ ಸ್ಕೂಲಿಗೆ ಹೋದೆ, ಆಡಿದೆ, ಎಲ್ಲ ಮರೆತಳು ಅಂದಳು ನಿಮ್ಮಮ್ಮ. ಆದರೆ ಆಮೇಲೆ ರಸ್ತೆ ದಾಟುವಾಗ ನೀನು ನನ್ನ ಕೈ ಹಿಡಿಯಲಿಲ್ಲ, ಅಂಗಿ ತುದಿ ಹಿಡಿಯುತ್ತಿದ್ದೆ. ಸೋಮವಾರ ನಾನು ಕೂಗಾಡುವಾಗ ಅದೇ ಮುಖ ಮಾಡಿಕೊಂಡು ನಿಂತಿದ್ದೆ.

ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೇನೆ, ಆದರೂ ಒಂದು ಮಾತು. ಮಗುವಿಗೆ ಎಲ್ಲ ಹೇಳು. ಬಸವ ಒಂದೇ ಬಂಡೆಯಲ್ಲಿ ಕಡೆದದ್ದು, ಎಣ್ಣೆ ಬಳಿದೂ ಬಳಿದೂ ಕಪ್ಪಾದದ್ದು, ಎಲ್ಲ. ಕಥೆ ಮುಗಿದ ಮೇಲೆ ಹೇಳು, ಅಷ್ಟೆ. ವೃಷಭಾವತಿ ನದಿ ಹುಟ್ಟುವುದು ಬಸವನ ಪಾದದಲ್ಲಿ ಅಂತ ಕೇಳಿ ಬೆಳೆದವನು ಮೈಸೂರು ರಸ್ತೆಯಲ್ಲಿ ಆ ವಾಸನೆಗೆ ಮೂಗು ಮುಚ್ಚುವಾಗ ಒಂದು ಗಳಿಗೆ ನಾಚಿಕೊಂಡಾನು. ಮೋರಿ ಅಂತ ಕೇಳಿದವನು ಕಾರಿನ ಗಾಜು ಏರಿಸುತ್ತಾನೆ. ಮತ್ತೆ ಹಿರಿಯರು ಮಾತಾಡುವಾಗ ಎಲ್ಲರೆದುರು ಅಡ್ಡಬಾಯಿ ಹಾಕಬಾರದು. ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಮುಂದೆ ಕೂರಬೇಡ. ಮಗುವಿಗೆ ಇನ್ನೂ ಕನ್ನಡ ಒತ್ತಕ್ಷರ ಬರಲ್ಲ, ಅಳಿಯಂದಿರನ್ನು ಅಂದು ಪ್ರಯೋಜನವಿಲ್ಲ, ನೀನೇ... ನೋಡು, ಒಂದು ಮಾತು ಅಂದದ್ದು ಎಲ್ಲಿಗೆ ಬಂತು.

ಇನ್ನೊಂದು. ನೀನು ಪೋರ್ಚುಗೀಸರ ವಿಷಯ ಹೇಳುವಾಗ ಪಕ್ಕದಲ್ಲಿ ಕಾಯಿ ಆರಿಸುತ್ತಿದ್ದ ಮುದುಕರೊಬ್ಬರು "ಯಾರ ಮಗಳಪ್ಪಾ ಇವಳು, ಎಷ್ಟು ತಿಳ್ಕೊಂಡಿದ್ದಾಳೆ" ಅಂದರು. ನನ್ನ ಮಗಳು ಅಂತ ನಾಲಿಗೆ ತುದಿಗೆ ಬಂತು. ಹೊರಗೆ ಬಂದದ್ದು ಬೈಗುಳ.

ಅವತ್ತು ಹೊಡೆದದ್ದಕ್ಕೆ ಕ್ಷಮಿಸು. ಮೊನ್ನೆ ಕೂಗಿದ್ದಕ್ಕೆ ಅರ್ಧ ಕ್ಷಮಿಸಿದರೆ ಸಾಕು, ಮಿಕ್ಕರ್ಧ ನಿನ್ನದೂ ತಪ್ಪಿದೆ.

ನೀನು ಬಿಟ್ಟುಹೋದ ಚೀಲದಲ್ಲಿ ಎರಡು ಸೇರು ಕಾಯಿ ಹಾಗೇ ಇತ್ತು. ಹಸೀದು ಪಾರ್ಸೆಲ್ ಮಾಡಿದರೆ ಬೂಷ್ಟು ಹಿಡಿಯುತ್ತೆ ಅಂತ ತಾರಸಿ ಮೇಲೆ ಒಣಗಲು ಹರವಿದ್ದೇನೆ. ಅಳಿಲು ಬಂದು ತಿನ್ನುತ್ತಿವೆ. ದೊಣ್ಣೆ ಹಿಡ್ಕೊಂಡು ಕಾವಲು ಕೂತ್ಕೊಳ್ಳಿ ಅಂತಾಳೆ ನಿಮ್ಮಮ್ಮ. ನಾನು ಕೂರುವುದಿಲ್ಲ. ಮಿಕ್ಕದ್ದನ್ನು ಕಳಿಸುತ್ತೇನೆ.

ಇತಿ,
ಅಪ್ಪ