ಸಹಿ ಹಾಕುವ ಮುಂಚೆ ಇದನ್ನು ಓದು

ಸಾಗರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಟರ್ಮ್ ಶೀಟನ್ನು, ಅಂದರೆ ನಿನ್ನ ಕಂಪನಿಗೆ ದುಡ್ಡು ಹಾಕುವವರ ಷರತ್ತುಗಳ ಪತ್ರವನ್ನು, ನಿನ್ನೆ ರಾತ್ರಿ ಎರಡು ಸಲ ಓದಿದೆ. ಒಂದು ಕೋಟಿ ಅಂದ ತಕ್ಷಣ ಅಣ್ಣನ ಕಣ್ಣಲ್ಲಿ ನೀರು ಬಂತಂತೆ. ಬರದೇ ಇರುತ್ತಾ? ಅಡಿಕೆ ಡ್ರೈಯರ್ ಮಾಡುತ್ತೇನೆ ಅಂತ ನೀನು ಕೆಲಸ ಬಿಟ್ಟಾಗ ನಮಗೆಲ್ಲ ಎಷ್ಟು ಹೆದರಿಕೆ ಇತ್ತು. ಈಗ ಹೊರಗಿನವರೂ ನಿನ್ನ ಯಂತ್ರವನ್ನು ನಂಬಿದ್ದಾರೆ.

ಆದರೆ ಇದು ಮಂಡಿ ಸಾಲದ ಹಾಗಲ್ಲ. ನಿನ್ನ ಅಜ್ಜ ಮಂಡಿಯಿಂದ ದುಡ್ಡು ತಂದರೆ ಅಡಿಕೆ ಹಾಕಿ ತೀರಿಸುತ್ತಿದ್ದರು, ತೋಟ ನಮ್ಮದಾಗಿಯೇ ಉಳಿಯುತ್ತಿತ್ತು. ಇಲ್ಲಿ ನೀನು ಕೊಡುವುದು ತೋಟದ ಪಾಲನ್ನೇ. ಕಂಪನಿಗೆ ನಾಲ್ಕು ಕೋಟಿ ಬೆಲೆ ಅಂತ ಬರೆದಿದ್ದಾರೆ. ಅದು ಅವರ ದುಡ್ಡು ಬರುವ ಮುಂಚಿನ ಬೆಲೆಯೋ, ಬಂದ ಮೇಲಿನದೋ? ಮುಂಚಿನದಾದರೆ ಅವರಿಗೆ ಶೇ. 20 ಪಾಲು. ಬಂದ ಮೇಲಿನದಾದರೆ ಶೇ. 25. ಬಾಯಿಮಾತು ಬೇಡ, ಕೇಳಿ ಬರೆಸಿಕೋ.

ಇನ್ನೊಂದು ವಿಷಯ. ಹೊಸ ಕಂಪನಿಗೆ ದುಡ್ಡು ಹಾಕುವ ವ್ಯಕ್ತಿಗಳಿಗೆ ಏಂಜೆಲ್ ಅನ್ನುತ್ತಾರೆ. ಏಂಜೆಲ್‌ಗಳು ಹಾಕುವುದು ತಮ್ಮ ಸ್ವಂತ ದುಡ್ಡು. ನಿನಗೆ ಕೊಡುತ್ತಿರುವುದು ವಿಸಿ ಫಂಡ್, ಅಂದರೆ ವೆಂಚರ್ ಕ್ಯಾಪಿಟಲ್ ಸಂಸ್ಥೆ. ಅವರ ಕೈಯಲ್ಲಿ ಇರುವುದು ಹೆಚ್ಚಾಗಿ ಬೇರೆಯವರ ದುಡ್ಡು. ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಅದನ್ನು ಲಾಭದ ಜೊತೆ ಹಿಂದಿರುಗಿಸಬೇಕು. ಹಾಕಿದ ಕಂಪನಿಗಳಲ್ಲಿ ಎಷ್ಟೋ ಮುಳುಗುತ್ತವೆ, ಆ ನಷ್ಟವನ್ನೆಲ್ಲ ಒಂದೆರಡು ಕಂಪನಿ ತುಂಬಿಕೊಡಬೇಕು. 2007ರಲ್ಲಿ ಶುರುವಾದ ಫ್ಲಿಪ್‌ಕಾರ್ಟಿಗೆ ಆಕ್ಸೆಲ್ ಅನ್ನುವ ವಿಸಿ ಸಂಸ್ಥೆ 2009ರಲ್ಲಿ ಹತ್ತು ಲಕ್ಷ ಡಾಲರ್ ಹಾಕಿತು. 2018ರಲ್ಲಿ ವಾಲ್‌ಮಾರ್ಟ್ ಶೇ. 77ರಷ್ಟು ಪಾಲಿಗೆ 1,600 ಕೋಟಿ ಡಾಲರ್ ಕೊಟ್ಟಿತು. ಅವರು ಹುಡುಕುವುದು ಅಂಥದ್ದನ್ನು. ವರ್ಷಕ್ಕೆ ಇನ್ನೂರು ಡ್ರೈಯರ್ ಮಾರಿ ಎಲ್ಲರಿಗೂ ಸಂಬಳ ಕೊಟ್ಟು ಒಳ್ಳೆಯ ಹೆಸರು ತಗೊಂಡ ಕಂಪನಿ ನನಗೂ ನಿನಗೂ ಹೆಮ್ಮೆ. ಅವರಿಗೆ ಅದು ಸಾಲದು.

ನಿನ್ನ ಕೆಲಸ ನಡೆಯುವುದು ಕೊಯ್ಲಿನ ಲೆಕ್ಕದಲ್ಲಿ. ಈ ವರ್ಷ ಯಂತ್ರದಲ್ಲಿ ತಪ್ಪು ಕಂಡರೆ, ತಿದ್ದಿದ್ದು ಸರಿ ಇದೆಯಾ ಅಂತ ಗೊತ್ತಾಗುವುದು ಮುಂದಿನ ಕೊಯ್ಲಿಗೆ. ಇದನ್ನು ಅವರಿಗೆ ಹೇಳಿದ್ದೀಯಾ? ಬೇರೆ ಯಾವ ಪ್ರಶ್ನೆಗಿಂತ ಇದು ನನ್ನನ್ನು ಜಾಸ್ತಿ ಕಾಡುತ್ತಿದೆ.

ಷೇರು ವ್ಯವಹಾರದ ಝೆರೋಧಾ ಕಂಪನಿ ಹೊರಗಿನ ಬಂಡವಾಳ ಇಲ್ಲದೆಯೇ ಬೆಳೆಯಿತು ಅಂತ ಅಣ್ಣ ಹೇಳುತ್ತಾನೆ. ನಿಜ. ಆದರೆ ನಿನಗೆ ಕಬ್ಬಿಣ ಬೇಕು, ಮೋಟರ್ ಬೇಕು, ದುಡ್ಡು ಮೊದಲೇ ಬೇಕು. ಹಾಗಾಗಿ ತಗೋಬೇಡ ಅನ್ನುವುದಿಲ್ಲ. ನಮ್ಮ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಇದೆ, ಪಾಲು ಕೇಳುವುದಿಲ್ಲ. ಅರ್ಜಿ ಹಾಕಿದ್ದೀಯಾ? ಷೇರಿನ ನ್ಯಾಯಬೆಲೆಗಿಂತ ಜಾಸ್ತಿ ಬಂದ ಹೂಡಿಕೆಯ ಮೇಲೆ ಹಾಕುತ್ತಿದ್ದ ಏಂಜೆಲ್ ಟ್ಯಾಕ್ಸ್ ಬಗ್ಗೆಯೂ ಅಣ್ಣನಿಗೆ ಚಿಂತೆ. ಅದನ್ನು 2024ರ ಬಜೆಟ್‌ನಲ್ಲೇ ತೆಗೆದಿದ್ದಾರೆ ಅಂತ ಹೇಳು.

ಈಗ ಮೂರನೇ ಪುಟ. ‘ಲಿಕ್ವಿಡೇಷನ್ ಪ್ರಿಫರೆನ್ಸ್’ ಅಂತ ಇದೆ, ಅಂದರೆ ಕಂಪನಿ ಮಾರಿದಾಗ ಹೂಡಿದವರ ದುಡ್ಡು ಮೊದಲು ತೀರಬೇಕು ಅನ್ನುವ ಷರತ್ತು, ಪಕ್ಕದಲ್ಲಿ ‘ಪಾರ್ಟಿಸಿಪೇಟಿಂಗ್’ ಅನ್ನುವ ಒಂದು ಪದ. ನಾನು ಲೆಕ್ಕ ನೋಡುತ್ತಿದ್ದ ಒಂದು ಕಂಪನಿಯ ಪತ್ರದಲ್ಲೂ ಇದೇ ಪದ ಇತ್ತು. ಇಬ್ಬರು ಹುಡುಗರು ಕಟ್ಟಿದ ಕಂಪನಿ. ಆರು ಕೋಟಿ ತಗೊಂಡು ಶೇ. 40 ಪಾಲು ಕೊಟ್ಟಿದ್ದರು. ಏಳು ವರ್ಷ ದುಡಿದು ಏಳು ಕೋಟಿಗೆ ಮಾರಿದರು. ತಮಗೆ ನಾಲ್ಕು ಕೋಟಿಯಾದರೂ ಬರುತ್ತದೆ ಅಂದುಕೊಂಡಿದ್ದರು. ಹೂಡಿದವರು ಮೊದಲು ತಮ್ಮ ಆರು ಕೋಟಿ ತಗೊಂಡರು. ಉಳಿದ ಒಂದು ಕೋಟಿಯಲ್ಲೂ ಶೇ. 40 ತಗೊಂಡರು. ಹುಡುಗರಿಬ್ಬರಿಗೆ ಉಳಿದದ್ದು 60 ಲಕ್ಷ. ಯಾರೂ ಮೋಸ ಮಾಡಲಿಲ್ಲ ಪುಟ್ಟಿ, ಪತ್ರದಲ್ಲಿ ಬರೆದಿದ್ದೇ ಆಯಿತು. ಸಹಿಗೆ ಮುಂಚೆ ನಾನು ಆ ಸಾಲನ್ನು ಓದಿದ್ದೆ. ಗಟ್ಟಿಯಾಗಿ ಹೇಳಲಿಲ್ಲ. ಅದು ಇವತ್ತಿಗೂ ಮನಸ್ಸಲ್ಲಿ ಚುಚ್ಚುತ್ತದೆ.

ಆ ಪದವನ್ನು ‘ನಾನ್-ಪಾರ್ಟಿಸಿಪೇಟಿಂಗ್’ ಅಂತ ಮಾಡಿಸು. ಆಗ ಅವರು ಹಾಕಿದ ದುಡ್ಡನ್ನಾದರೂ ತಗೋಬೇಕು, ಪಾಲನ್ನಾದರೂ ತಗೋಬೇಕು, ಎರಡೂ ಇಲ್ಲ. ಹೀಗೆ ಕೇಳುವುದು ತೀರಾ ಸಾಮಾನ್ಯ, ಸಂಕೋಚ ಬೇಡ.

ಗುರುವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಶುಕ್ರವಾರ ಇಬ್ಬರೂ ವಕೀಲರ ಹತ್ತಿರ ಹೋಗೋಣ. ಅಲ್ಲಿವರೆಗೆ ಸಹಿ ಹಾಕಬೇಡ.

ನಿನ್ನ ಪ್ರೀತಿಯ
ಅತ್ತೆ